ಕಂಬ ಕೊಂಡವರು ಮನೆ ಉಳಿಸಲಿಲ್ಲ

ಹಳೆಯ ಮನೆಯ ಮರದ ಕಂಬಗಳನ್ನು ಕೊಂಡು ತಂದು ತೋಟದ ಮನೆಯ ಮುಂದೆ ಪೋರ್ಟಿಕೊ ಕಟ್ಟಿಸಿದರೆ ಪರಂಪರೆಯನ್ನು ಉಳಿಸಿದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕನಕಪುರ ರಸ್ತೆಯ ಫಾರ್ಮ್‌ಹೌಸಿನವರು ಹಾಗೆನ್ನುತ್ತಾರೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇ ಮಾಲೀಕರು ಹಾಗೆನ್ನುತ್ತಾರೆ. ಅವರಿಗೆ ನಕ್ಷೆ ಬರೆದುಕೊಡುವ ಆರ್ಕಿಟೆಕ್ಟುಗಳೂ ಅದನ್ನೇ ಹೇಳುತ್ತಾರೆ. ಗೃಹಪ್ರವೇಶಕ್ಕೆ ಹೋದ ನೆಂಟರು ಕಂಬ ಸವರಿ, "ಇಂಥಾ ಮರ ಈಗೆಲ್ಲಿ ಸಿಗುತ್ತೆ, ಪುಣ್ಯಕ್ಕೆ ನೀವು ಉಳಿಸಿದ್ರಿ" ಎಂದು ಮೆಚ್ಚಿಕೊಂಡು ಊಟಕ್ಕೆ ಏಳುತ್ತಾರೆ. ಈ ಮಾತು ಸುಳ್ಳು ಎಂಬುದು ನನ್ನ ವಾದ. ಆ ನಾಲ್ಕು ಕಂಬಗಳಿಗಾಗಿ ಎಲ್ಲೋ ಒಂದು ಇಡೀ ಮನೆ ನೆಲ ಕಂಡಿದೆ. ಎಷ್ಟೋ ಸಲ ಆ ಮನೆ ತಾನಾಗಿ ಬಿದ್ದದ್ದಲ್ಲ. ಕಂಬಕ್ಕೆ ಬೆಲೆ ಬಂದದ್ದರಿಂದ ಬಿದ್ದದ್ದು.

ಕೊಳ್ಳುವವರು ಕಂಬವನ್ನು ಮೊದಲು ನೋಡುವುದೇ ಗೋದಾಮಿನಲ್ಲಿ. ಅಲ್ಲಿ ಅದು ಗೋಡೆಗೆ ಒರಗಿರುತ್ತದೆ, ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದಿರುತ್ತದೆ. ಪಕ್ಕದಲ್ಲಿ ಯಾವುದೋ ಊರಿನ ದೇವರ ಕೋಣೆಯ ಬಾಗಿಲು, ಇನ್ನಾವುದೋ ಊರಿನ ಕಿಟಕಿಯ ಸರಳು, ಹಗೇವಿನ ಮುಚ್ಚಳ, ಒನಕೆ, ತೊಟ್ಟಿಲು. ಚೆಟ್ಟಿನಾಡಿನ ಕಾರೈಕುಡಿಯಲ್ಲಿ ಇಂಥ ಅಂಗಡಿಗಳ ಬೀದಿಯೇ ಇದೆ. ನಾಟುಕೋಟೆ ಚೆಟ್ಟಿಯಾರರು ಬರ್ಮಾದಿಂದ ಹಡಗಿನಲ್ಲಿ ತರಿಸಿದ ತೇಗದ ಕಂಬಗಳು ಅಲ್ಲಿಂದ ಬೆಂಗಳೂರಿನ ತನಕ ಬಂದಿವೆ. ನಮ್ಮ ಮಲೆನಾಡು, ಕರಾವಳಿಯ ಮಾಲು ಈಗ ಅದರ ಜೊತೆಗೆ ಸೇರಿಕೊಂಡಿದೆ. ಗೋದಾಮಿಗೆ ಬಂದ ಮೇಲೆ ಕಂಬಕ್ಕೆ ಊರಿಲ್ಲ, ಮನೆತನವಿಲ್ಲ. ಯಾವ ಮನೆಯದು ಎಂದು ಕೇಳಿದರೆ "ಶಿವಮೊಗ್ಗ ಕಡೇದು ಸಾರ್, ಇನ್ನೂರು ವರ್ಷದ್ದು" ಎನ್ನುತ್ತಾರೆ. ಇನ್ನೂರು ಎಂಬ ಆ ಲೆಕ್ಕ ಎಲ್ಲ ಕಂಬಕ್ಕೂ ಒಂದೇ.

ಗೋದಾಮಿಗೆ ಬರುವ ಮೊದಲು ಆದದ್ದನ್ನು ಹೇಳುತ್ತೇನೆ. ಮನೆಗೆ ನಾಲ್ಕೈದು ಜನ ವಾರಸುದಾರರು. ಹಿಸ್ಸೆ ಆಗಿ ವರ್ಷಗಳಾಗಿವೆ, ಹಳೆಯ ಮನೆ ಮಾತ್ರ ಯಾರ ಪಾಲಿಗೂ ಪೂರ್ತಿ ಬಂದಿಲ್ಲ. ಊರಲ್ಲಿ ಉಳಿದ ತಮ್ಮ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಕೊಂಡಿದ್ದಾನೆ. ಹಳೆಯ ಮನೆಯಲ್ಲಿ ಗೊಬ್ಬರದ ಚೀಲ, ಅಡಿಕೆ ಹಾಳೆ, ಬಿದಿರಿನ ಏಣಿ. ಒಂದು ಕಡೆ ಹೆಂಚು ಜಾರಿ ನೀರು ಇಳಿಯುತ್ತಿದೆ. ಹತ್ತು ಹೆಂಚು, ಎರಡು ರೀಪು ಬದಲಿಸಿದರೆ ಮುಗಿಯುವ ಕೆಲಸ. ಅಷ್ಟರಲ್ಲಿ ವ್ಯಾಪಾರಿ ಬರುತ್ತಾನೆ. "ಗೌಡ್ರೇ, ಹೆಂಗೂ ಬೀಳೋ ಮನೆ. ಮಳೇಲಿ ಕೊಳ್ತು ಹೋಗೋ ಬದ್ಲು ನಾಲ್ಕು ಕಾಸಾದ್ರೂ ಬರ್ಲಿ" ಎನ್ನುತ್ತಾನೆ. ಕೊಟ್ಟದ್ದು ಸಣ್ಣ ಮೊತ್ತ, ಆದರೆ ಹತ್ತು ಹೆಂಚಿನ ಖರ್ಚಿಗೆ ಹೋಲಿಸಿದರೆ ದೊಡ್ಡದು. ಅಣ್ಣಂದಿರಿಗೆ ಫೋನು ಹೋಗುತ್ತದೆ. ಹತ್ತು ವರ್ಷ ಒಂದು ತೀರ್ಮಾನಕ್ಕೆ ಬಾರದ ಕುಟುಂಬ ಮಾರುವ ವಿಷಯದಲ್ಲಿ ಎರಡು ದಿನದಲ್ಲಿ ಒಂದಾಗುತ್ತದೆ.

ಮಲೆನಾಡಿನ ಮನೆಯಲ್ಲಿ ಕಂಬ ಅಲಂಕಾರಕ್ಕೆ ನಿಂತದ್ದಲ್ಲ. ಮಣ್ಣಿನ ಗೋಡೆ ಹೊರುವಷ್ಟನ್ನು ಹೊರುತ್ತದೆ. ಜಗಲಿಯ ಸೂರು, ಅಂಗಳದ ಸುತ್ತಲಿನ ಸೂರು, ಮುಚ್ಚಿಗೆ, ಅಟ್ಟ, ಅಟ್ಟದ ಮೇಲಿನ ಭತ್ತ ಇವೆಲ್ಲದರ ಭಾರ ಇಳಿಯುವುದು ಕಂಬಗಳ ಮೇಲೆ. ಕಂಬವನ್ನು ನೆಲದಲ್ಲಿ ಹೂತಿರುವುದಿಲ್ಲ. ಕೆಳಗೆ ಕಲ್ಲು, ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಎರಡೂ ಕಡೆ ತೋಳು ಚಾಚಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಪಕಾಸಿ, ಪಕಾಸಿಗೆ ಅಡ್ಡ ರೀಪು, ರೀಪಿಗೆ ಹೆಂಚು. ಮೇಲಿನ ಭಾರವೇ ಇದನ್ನೆಲ್ಲ ಅಲ್ಲಾಡದಂತೆ ಹಿಡಿದಿರುತ್ತದೆ. ನೆಲದ ತೇವ ಮರಕ್ಕೆ ಏರದಂತೆ ಕಲ್ಲು ತಡೆಯುತ್ತದೆ, ಮಳೆ ಮರಕ್ಕೆ ಬಡಿಯದಂತೆ ಸೂರು ತಗ್ಗಿ ಬಂದು ತಡೆಯುತ್ತದೆ. ಬೆಂಗಳೂರಿನ ಕೋಟೆ ಬಳಿ 1791ರಲ್ಲಿ ಮುಗಿದ ಟಿಪ್ಪು ಅರಮನೆಯ ತೇಗದ ಕಂಬಗಳು ಇಂದಿಗೂ ನಿಂತಿರುವುದು ಇದೇ ಉಪಾಯದಿಂದ: ಕಾಲಡಿಗೆ ಕಲ್ಲು, ತಲೆಯ ಮೇಲೆ ಸೂರು.

ಹೀಗೆ ಒಂದಕ್ಕೊಂದು ಆತುಕೊಂಡಿರುವ ಕಟ್ಟಡದಿಂದ ನಾಲ್ಕು ಕಂಬ ತೆಗೆಯಬೇಕೆಂದರೆ ಮಾಡು ಬಿಚ್ಚದೆ ಬೇರೆ ದಾರಿಯಿಲ್ಲ. ಹೆಂಚು ಇಳಿಸುತ್ತಾರೆ. ಪಕಾಸಿ, ರೀಪು ಸೌದೆಯ ಲೆಕ್ಕಕ್ಕೆ ಹೋಗುತ್ತವೆ. ತೊಲೆಯಲ್ಲಿ ಉದ್ದ ಸಿಕ್ಕರೆ ಕೊಯ್ದು ಮೇಜು ಮಾಡುತ್ತಾರೆ. ಕೆತ್ತನೆಯಿರುವ ದಾರಂದ ಬೇರೆ ಗಿರಾಕಿಗೆ. ಗೋಡೆ ಮಾತ್ರ ಯಾರಿಗೂ ಬೇಡ, ಅದು ಅಲ್ಲೇ ನಿಲ್ಲುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರು ದಾಟಿ ಮಳೆ ಸುರಿಯುತ್ತದೆ. ಮಾಡಿಲ್ಲದ ಮಣ್ಣಿನ ಗೋಡೆ ಅದರ ಮುಂದೆ ಎಷ್ಟು ದಿನ ನಿಂತೀತು? ಮೊದಲ ಮಳೆಗಾಲಕ್ಕೆ ಮೇಲಂಚು ಕರಗುತ್ತದೆ, ಆಮೇಲಾಮೇಲೆ ಸುಣ್ಣದ ಗಾರೆ ಸಿಪ್ಪೆಯಂತೆ ಕಳಚಿ ಒಳಗಿನ ಕೆಂಪು ಮಣ್ಣು ಅಂಗಳಕ್ಕೆ ಹರಿಯುತ್ತದೆ. ಕೆಲವೇ ವರ್ಷದಲ್ಲಿ ಅಲ್ಲೊಂದು ದಿಬ್ಬ, ದಿಬ್ಬದ ಮೇಲೆ ಲಂಟಾನ. ಪೋರ್ಟಿಕೊದಲ್ಲಿ ನಿಂತ ನಾಲ್ಕು ಕಂಬದ ಇನ್ನೊಂದು ತುದಿ ಈ ದಿಬ್ಬ.

ಕಾಟಿಯ ಕೊಂಬು ತಂದು ಗೋಡೆಗೆ ಹೊಡೆದುಕೊಂಡ ಬೇಟೆಗಾರರು ನಮ್ಮ ಕಡೆ ಎಷ್ಟೋ ಜನ ಇದ್ದರು. ತಾವು ಕಾಟಿಯ ಸಂತತಿ ಉಳಿಸಿದೆವು ಎಂದು ಅವರಲ್ಲಿ ಒಬ್ಬರೂ ಹೇಳಿಕೊಂಡದ್ದಿಲ್ಲ.

ಹೊಸ ಜಾಗದಲ್ಲಿ ಆ ಕಂಬದ ಗತಿ ಏನಾಗುತ್ತದೆ ಎಂಬುದನ್ನೂ ಹತ್ತಿರ ಹೋಗಿ ನೋಡಬೇಕು. ಬಹುಪಾಲು ಪೋರ್ಟಿಕೊಗಳ ಮೇಲಿರುವುದು ಕಾಂಕ್ರೀಟಿನ ಸ್ಲ್ಯಾಬು. ಸ್ಲ್ಯಾಬಿನ ಭಾರವನ್ನು ಹಳೆಯ ಮರದ ಮೇಲೆ ಬಿಡಲು ಎಂಜಿನಿಯರು ಒಪ್ಪುವುದಿಲ್ಲ, ಅದು ಸರಿಯೇ. ಹಾಗಾಗಿ ಮೊದಲು ಕಬ್ಬಿಣದ ಪೈಪು ನಿಲ್ಲಿಸುತ್ತಾರೆ. ಆಮೇಲೆ ಕಂಬವನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಒಳಗೆ ಕೊರೆದು ಟೊಳ್ಳು ಮಾಡಿ, ಪೈಪಿನ ಎರಡು ಮಗ್ಗುಲಿಗೆ ಅಂಟಿಸಿ, ಸಂದಿಗೆ ಮರದ ಪುಡಿ ಬೆರೆಸಿದ ಗೋಂದು ತುಂಬುತ್ತಾರೆ. ಸೀಳದೆ ಇಡಿಯಾಗಿ ನಿಲ್ಲಿಸುವವರು ಅಡಿಗೆ ರಂಧ್ರ ಕೊರೆದು ಕಬ್ಬಿಣದ ಸರಳು ತೂರಿಸಿ ಸಿಮೆಂಟಿನಲ್ಲಿ ಕೂರಿಸುತ್ತಾರೆ. ಆ ರಂಧ್ರದೊಳಕ್ಕೆ ಸೇರಿದ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ನೂರು ವರ್ಷ ಕಲ್ಲಿನ ಮೇಲೆ ಒಣಗಿ ನಿಂತಿದ್ದ ಮರ ಹೊಸ ಮನೆಯಲ್ಲಿ ಬುಡದಿಂದ ಕೊಳೆಯಲು ಶುರುವಾಗುತ್ತದೆ. ಮೈಯ ಮೇಲಿನ ಹಳೆಯ ಎಣ್ಣೆ, ಹೊಗೆ, ಕೈಯ ಜಿಡ್ಡು ಸೇರಿ ಕೂತ ಕಪ್ಪು ಹೊಳಪನ್ನು ಮಷಿನ್ನಿನಿಂದ ತಿಕ್ಕಿ ತೆಗೆದು ಮೇಲೆ ಪಾಲಿಶ್ ಬಳಿಯುತ್ತಾರೆ. ತೊಲೆಯನ್ನು ಹೊರಲೆಂದೇ ತೋಳು ಚಾಚಿದ ಬೋದಿಗೆಯ ಮೇಲೆ ಈಗ ಹೊರಲು ಏನೂ ಇಲ್ಲ.

ಇಂಥದೊಂದು ಪೋರ್ಟಿಕೊದಲ್ಲಿ ನಾನು ಕಂಡ ಒಂದು ಕಂಬದ ವಿಷಯ ಹೇಳಬೇಕು. ಹಲಸಿನ ಮರದ್ದು, ಚೌಕ ಬುಡ, ಮೇಲೆ ಎಂಟು ಮೂಲೆ. ಜಗಲಿಯ ಕಂಬ ಎನ್ನುವುದರಲ್ಲಿ ಅನುಮಾನವಿರಲಿಲ್ಲ, ಯಾಕೆಂದರೆ ಒಂದು ಮಗ್ಗುಲು ಸುಮಾರು ಒಂದಡಿಯಿಂದ ಎರಡಡಿ ಎತ್ತರದ ತನಕ ಸವೆದು ಗಾಜಿನಷ್ಟು ನುಣುಪಾಗಿತ್ತು. ನೆಲಕ್ಕೆ ಕೂತವರು ಬೆನ್ನು ಕೊಟ್ಟೂ ಕೊಟ್ಟೂ ಆದ ಸವೆತ ಅದು. ಅಡಿಕೆ ಸುಲಿಯುವವರು, ಎಲೆಯಡಿಕೆ ಹಾಕಿಕೊಂಡು ಮಾತಿಗೆ ಕೂತ ಹಿರಿಯರು, ಬಾಣಂತಿತನ ಮುಗಿಸಿ ಮಗು ತೊಡೆಯ ಮೇಲೆ ಹಾಕಿಕೊಂಡು ಬಿಸಿಲಿಗೆ ಕೂತ ಹೆಂಗಸರು, ಎಷ್ಟು ತಲೆಮಾರಿನ ಬೆನ್ನೋ. ಹೊಸ ಮನೆಯ ಮಾಡು ಎತ್ತರ. ಕಂಬದ ಉದ್ದ ಸಾಲದೆ ಎರಡೂವರೆ ಅಡಿಯ ಗ್ರಾನೈಟ್ ಪೀಠ ಕಟ್ಟಿ ಅದರ ಮೇಲೆ ನಿಲ್ಲಿಸಿದ್ದರು. ಆ ನುಣುಪು ಈಗ ನಿಂತ ಮನುಷ್ಯನ ಎದೆಮಟ್ಟಕ್ಕೆ ಬಂದಿತ್ತು. ಇನ್ನು ಯಾರ ಬೆನ್ನೂ ಅಲ್ಲಿಗೆ ತಾಗುವುದಿಲ್ಲ. ಅದರ ಮೇಲೆ ಒಂದು ಗುಳಿಯಿತ್ತು, ಯಾವುದೋ ಅಡ್ಡಪಟ್ಟಿ ಕೂತಿದ್ದ ಜಾಗ. ಅದಕ್ಕೆ ಪುಟ್ಟಿ ತುಂಬಿ ಬಣ್ಣ ಹೊಂದಿಸಿದ್ದರು. ಮನೆಯವರು ಒಳ್ಳೆಯವರು, ಆದರದಿಂದ ಮಾತಾಡಿಸಿದರು, ಕಂಬವನ್ನು ನಿಜವಾಗಿ ಪ್ರೀತಿಸುತ್ತಿದ್ದರು. ಆ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪರಂಪರೆ ಎಂದು ಅವರು ಕರೆದದ್ದು ಏನನ್ನು? ಮರ ಉಳಿದಿತ್ತು. ಆ ಮರಕ್ಕೆ ಸಂಬಂಧಿಸಿದ ಮಿಕ್ಕಿದ್ದೆಲ್ಲ ಹೋಗಿತ್ತು.

ಇದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು. "ನಾವು ಕೊಳ್ಳದಿದ್ದರೆ ಅದು ಒಲೆಗೆ ಹೋಗುತ್ತಿತ್ತು." ಈ ಮಾತಿನಲ್ಲಿ ಒಂದು ಕಾಲಕ್ಕೆ ಸತ್ಯವಿತ್ತು. ತಾರಸಿ ಮನೆಯ ಹುಚ್ಚು ಹತ್ತಿದ ಹೊಸದರಲ್ಲಿ ಬೀಟೆಯ ಕಂಬವನ್ನೂ ಬಚ್ಚಲ ಒಲೆಗೆ ಹಾಕಿದ ಮನೆಗಳಿವೆ. ಆಗ ಕೊಂಡವರು ಉಳಿಸಿದ್ದು ನಿಜ. ಆದರೆ ಈಗ ಹಳೆಯ ಕಂಬಕ್ಕೆ ಬೆಲೆಯಿದೆ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಬೆಲೆಯಿರುವ ವಸ್ತುವನ್ನು ಯಾರೂ ಒಲೆಗೆ ಹಾಕುವುದಿಲ್ಲ. ಇವತ್ತಿನ ಆಯ್ಕೆ ಒಲೆ ಮತ್ತು ಪೋರ್ಟಿಕೊಗಳ ನಡುವಿನದಲ್ಲ. ನಿಂತ ಮನೆ ಮತ್ತು ಪೋರ್ಟಿಕೊಗಳ ನಡುವಿನದು. ಬಿದ್ದ ಮನೆಗಳ ಕಂಬ ಇಷ್ಟೊಂದು ಗಿರಾಕಿಗಳಿಗೆ ಸಾಲುವುದಿಲ್ಲ. ಸಾಲದಾದಾಗ ವ್ಯಾಪಾರಿ ಬೀಳಬಹುದಾದ ಮನೆ ಹುಡುಕುತ್ತಾನೆ, ಅದೂ ಮುಗಿದರೆ ಬೀಗ ಹಾಕಿದ ಮನೆ ಹುಡುಕುತ್ತಾನೆ. ಕೊಳ್ಳುವವನ ಕೈಗೆ ರಕ್ತ ತಾಗಿರುವುದಿಲ್ಲ, ಆದರೆ ಅವನ ಮುಂಗಡ ಹಣ ಊರಿಗೆ ಹೋಗಿ ಕೆಲಸ ಮಾಡಿರುತ್ತದೆ.

ಎರಡನೆಯ ಉತ್ತರ ಹೆಚ್ಚು ಗಂಭೀರವಾದದ್ದು: ಹಳೆಯ ಮನೆ ಇಟ್ಟುಕೊಳ್ಳುವ ಶಕ್ತಿ ಇಲ್ಲದವನಿಗೆ ಮಾರಬೇಡ ಎನ್ನಲು ನೀವು ಯಾರು? ಯಾರೂ ಅಲ್ಲ. ಮಗಳ ಫೀಸಿಗೆ, ಆಸ್ಪತ್ರೆಯ ಬಿಲ್ಲಿಗೆ ಕಂಬ ಮಾರಿದವರನ್ನು ದೂರುವ ಹಕ್ಕು ನನಗಿಲ್ಲ, ಈ ಲೇಖನ ಅವರ ವಿರುದ್ಧವೂ ಅಲ್ಲ. ನನ್ನ ಜಗಳ ಕೊಳ್ಳುವವರ ಜೊತೆ. ಕೊಳ್ಳುವವರಿಗೆ ಶಕ್ತಿಯಿದೆ, ಆಯ್ಕೆಯಿದೆ. ಪೋರ್ಟಿಕೊಗೆ ಅವರು ಸುರಿಯುವ ಹಣದಲ್ಲಿ ಮಾರುವವನ ಕೈಗೆ ಬರುವುದು ಸಣ್ಣ ಪಾಲು; ಉಳಿದದ್ದು ದಾರಿಯುದ್ದಕ್ಕೂ ಕೈ ಬದಲಾಯಿಸಿದವರಿಗೆ, ಲಾರಿಗೆ, ಪಾಲಿಶಿಗೆ, ಕಬ್ಬಿಣದ ಪೈಪಿಗೆ. ಹಳ್ಳಿಯ ಬಡತನಕ್ಕೆ ಸಹಾಯ ಮಾಡಿದೆವು ಎಂದು ಅವರು ಹೇಳಿಕೊಳ್ಳಲು ಬರುವುದಿಲ್ಲ.

ಕಾನೂನಿನ ಸ್ಥಿತಿ ನೋಡಿದರೆ ಬೇಸರವಾಗುತ್ತದೆ. 1958ರ ಕೇಂದ್ರದ ಕಾಯ್ದೆ, 1961ರ ನಮ್ಮ ರಾಜ್ಯದ ಕಾಯ್ದೆ ಎರಡೂ ಸ್ಮಾರಕ ಎಂದು ಘೋಷಿಸಿದ ಕಟ್ಟಡಗಳನ್ನು ಕಾಯುತ್ತವೆ. ಗೌಡರ ಮನೆ, ಹೆಗಡೆಯವರ ಮನೆ, ಬಂಟರ ಗುತ್ತಿನ ಮನೆ, ಇಳಕಲ್ಲಿನ ನೇಕಾರನ ಮನೆ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುವುದಿಲ್ಲ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯಲ್ಲಿ ಮಾತ್ರ ಒಂದು ಅಂಶವಿದೆ: ನೂರು ವರ್ಷಕ್ಕೆ ಕಡಿಮೆಯಿಲ್ಲದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪುರಾತನ ವಸ್ತುವೇ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅಂದರೆ ಕಂಬ ತನ್ನ ಮನೆಯಲ್ಲಿ ನಿಂತು ಮಾಡು ಹೊತ್ತಿರುವಷ್ಟು ಕಾಲ ಕಾನೂನು ಅದನ್ನು ನೋಡುವುದಿಲ್ಲ. ಕಿತ್ತು ಲಾರಿಗೆ ಹಾಕಿದ ಮೇಲೆ ನೋಡುತ್ತದೆ. ಹಳೆಯ ಕಂಬ ಕೊಳ್ಳುವಾಗ ಮಾರುವವನ ಪರವಾನಗಿ ಕೇಳಿದವರು ನಮ್ಮಲ್ಲಿ ಎಷ್ಟು ಜನ? ಇನ್ನೂರು ವರ್ಷದ್ದು ಎಂಬ ಮಾತು ನಿಜವೆಂದು ನಂಬಿ ಕೊಂಡವರು ಆ ಪ್ರಶ್ನೆ ಕೇಳಲೇಬೇಕಿತ್ತು.

ಮಣಿಪಾಲದ ವಿಜಯನಾಥ ಶೆಣೈ ಅವರ ಹೆಸರನ್ನು ಇಂಥ ಚರ್ಚೆಯಲ್ಲಿ ತರುವುದು ರೂಢಿ. ಅವರೂ ಹಳೆಯ ಮನೆಗಳನ್ನು ಬಿಚ್ಚಿ ತರಲಿಲ್ಲವೇ ಎಂದು ಕೇಳುತ್ತಾರೆ. ತಂದರು, ತಮ್ಮ ಸ್ವಂತ ಮನೆಯನ್ನೇ ಮೊದಲು ಹಳೆಯ ಮನೆಗಳ ಭಾಗಗಳಿಂದ ಕಟ್ಟಿಕೊಂಡರು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ ಎಂಬುದೇ ಮುಖ್ಯ. ಅವರು ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮಿಯಾರು ಮನೆ, ಹರ್ಕೂರು ಒಳಗಿನ ಮನೆ, ಕುಂಜೂರು ಚೌಕಿ ಮನೆ ಇಡಿಯಾಗಿ ನಿಂತಿವೆ. ಅಂಗಳ, ಅಡುಗೆಮನೆ, ಅಟ್ಟ, ಸೂರಿನ ಇಳಿಜಾರು ಸಮೇತ, ತಮ್ಮ ತಮ್ಮ ಹೆಸರಿನಲ್ಲಿ ನಿಂತಿವೆ. ಯಾರು ಬೇಕಾದರೂ ಹೋಗಿ ನೋಡಬಹುದು. ಚೆನ್ನೈ ಬಳಿಯ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲೂ ಹಾಗೆಯೇ ಇಳಕಲ್ಲಿನ ಮನೆ, ಚಿಕ್ಕಮಗಳೂರಿನ ಮನೆ ಮನೆಗಳಾಗಿಯೇ ಇವೆ. ಮನೆಯೊಂದು ಬಿದ್ದೇ ಹೋಗುವಂತಿದ್ದಾಗ ಅದನ್ನು ಅಳೆದು, ಗುರುತು ಹಾಕಿ, ಬಿಚ್ಚಿ, ಇನ್ನೊಂದು ಕಡೆ ಇಡಿಯಾಗಿ ನಿಲ್ಲಿಸಿ ಎಲ್ಲರಿಗೂ ತೆರೆದಿಡುವುದು ಒಬ್ಬ ಮನುಷ್ಯನ ಆಯುಷ್ಯವನ್ನೇ ತಿಂದ ಕೆಲಸ. ನಾಲ್ಕು ಕಂಬ ತಂದು ಗೇಟು ಹಾಕಿಕೊಂಡವರು ಆ ಹೆಸರನ್ನು ಆಸರೆಗೆ ಕರೆಯಬಾರದು.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆ ಮನೆಗಳು ಹೋಗಲಿ ಬಿಡಿ, ಅವು ಯಾರ ಮನೆಗಳು ಎಂದು ಕೇಳುವವರಿದ್ದಾರೆ. ಆ ಜಗಲಿಗೆ ಹತ್ತಲು ಎಲ್ಲರಿಗೂ ಅವಕಾಶ ಇರಲಿಲ್ಲ. ಕೂಲಿಗೆ ಬಂದವರು ಅಂಗಳದಲ್ಲಿ ನಿಲ್ಲಬೇಕಿತ್ತು, ಮಳೆ ಬಂದರೂ ಸೂರಿನ ಅಂಚಿನಲ್ಲೇ. ಮನೆಯ ಹೆಂಗಸರೂ ಹೊರಗಿನವರಿದ್ದಾಗ ಜಗಲಿಗೆ ಬರುವಂತಿರಲಿಲ್ಲ. ಕಾಡಿನಿಂದ ಆ ದಿಮ್ಮಿಗಳನ್ನು ಎಳೆದು ತಂದವರ ಹೆಸರು ಯಾವ ಮನೆತನದ ಚರಿತ್ರೆಯಲ್ಲೂ ಇಲ್ಲ. ಇದೆಲ್ಲ ನಿಜ, ಮುಚ್ಚಿಡುವ ಅಗತ್ಯವಿಲ್ಲ. ಆದರೆ ಈ ನಿಜವನ್ನು ಹೇಳುವುದು ಇಡಿಯಾಗಿ ನಿಂತ ಮನೆ ಮಾತ್ರ. ಅಂಗಳ ಎಲ್ಲಿತ್ತು, ಜಗಲಿ ಎಷ್ಟು ಎತ್ತರವಿತ್ತು, ಯಾವ ಬಾಗಿಲು ಯಾರಿಗೆ, ಹಿತ್ತಿಲ ದಾರಿ ಯಾರಿಗೆ ಎಂಬುದು ಆ ಕಟ್ಟಡದಲ್ಲಿ ಕಣ್ಣಿಗೆ ಕಾಣುವ ಹಾಗೆ ಬರೆದಿದೆ. ಮೊಮ್ಮಕ್ಕಳನ್ನು ಅಲ್ಲಿ ನಿಲ್ಲಿಸಿ ಇಲ್ಲಿ ಹೀಗೆ ನಡೆಯುತ್ತಿತ್ತು ಎಂದು ತೋರಿಸಬಹುದು. ಕಂಬ ಕಿತ್ತು ತಂದ ಪೋರ್ಟಿಕೊದಲ್ಲಿ ಚೆಲುವು ಮಾತ್ರ ಉಳಿಯುತ್ತದೆ, ನೋವಿನ ಲೆಕ್ಕ ಅಳಿಸಿಹೋಗುತ್ತದೆ. ಹಳೆಯ ಕಾಲವನ್ನು ಹೀಗೆ ತೊಳೆದು ಕೊಡುವ ವ್ಯಾಪಾರ ಆ ಅಂಗಳದಲ್ಲಿ ನಿಂತವರಿಗೆ ಮಾಡುವ ಇನ್ನೊಂದು ಅನ್ಯಾಯ.

ಹಾಗಾದರೆ ಮರದ ಪೋರ್ಟಿಕೊ ಬೇಡವೇ? ಖಂಡಿತ ಬೇಕು. ನಮ್ಮ ಮಳೆಗೆ, ಬಿಸಿಲಿಗೆ, ಬಾಗಿಲಿಗೆ ಬಂದವರನ್ನು ಕೂರಿಸುವ ನಮ್ಮ ರೀತಿಗೆ ಮನೆಯ ಮುಂದೆ ಒಂದು ತಂಪಾದ ಮಾಡು ಬೇಕೇ ಬೇಕು, ಮರಕ್ಕಿಂತ ಒಳ್ಳೆಯ ಸಾಮಗ್ರಿ ಅದಕ್ಕೆ ಇಲ್ಲ. ಅದನ್ನು ಹೊಸದಾಗಿ ಮಾಡಿಸಿ ಎಂಬುದಷ್ಟೇ ನನ್ನ ಮಾತು. ಇಂಗ್ಲೆಂಡಿನ ಹಳ್ಳಿಮನೆಗಳವರು ಮುಂಬಾಗಿಲಿಗೆ ಓಕ್ ಮರದ ಪೋರ್ಚ್ ಸೇರಿಸಿಕೊಳ್ಳುವುದು ಇಂದಿಗೂ ಉಂಟು. ಅಲ್ಲೂ ಹಳೆಯ ಮರದ ವ್ಯಾಪಾರವಿದೆ. ಆದರೆ ಹಸಿ ಓಕ್ ದಿಮ್ಮಿ ಕೊಯ್ದು, ಒಂದರ ತುದಿಗೆ ನಾಲಗೆ, ಇನ್ನೊಂದಕ್ಕೆ ಗುಳಿ ಮಾಡಿ, ಮರದ ಗೂಟ ಹೊಡೆದು ಹೊಸ ಚೌಕಟ್ಟು ನಿಲ್ಲಿಸುವ ಬಡಗಿಗಳೂ ಇದ್ದಾರೆ. ಮರ ಒಣಗುತ್ತ ಬಿಗಿಯಾಗುತ್ತದೆ, ಸೀಳು ಬಿಡುತ್ತದೆ, ಕಬ್ಬಿಣದ ಮೊಳೆ ಅದರ ಒಗರಿಗೆ ತುಕ್ಕು ಹಿಡಿಯುತ್ತದೆಂದು ಗೂಟವನ್ನೇ ನಂಬುತ್ತಾರೆ. 1992ರ ನವೆಂಬರಿನಲ್ಲಿ ವಿಂಡ್ಸರ್ ಅರಮನೆ ಬೆಂಕಿಗೆ ಸಿಕ್ಕಿ ಸೇಂಟ್ ಜಾರ್ಜ್ ಹಜಾರದ ಮಾಡು ಹೋಯಿತು. ಅದನ್ನು ಮತ್ತೆ ಕಟ್ಟಿದ್ದು ಹೊಸದಾಗಿ ಕಡಿದ ಹಸಿ ಓಕ್‌ನಲ್ಲಿ, ಈ ಕಾಲದ ಬಡಗಿಗಳ ಕೈಯಲ್ಲಿ; 1997ರ ಹೊತ್ತಿಗೆ ಕೆಲಸ ಮುಗಿದಿತ್ತು. ಇನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಹಳೆಯ ಮನೆಯಾದರೆ ಇದ್ದ ಪೋರ್ಚ್ ಕೀಳಲಿಕ್ಕೂ ಹೊಸದು ಸೇರಿಸಲಿಕ್ಕೂ ಅಲ್ಲಿ ಅನುಮತಿ ಬೇಕು, ಪಡೆಯದೆ ಮಾಡಿದರೆ ಅಪರಾಧ. ಹಳೆಯದನ್ನು ಇದ್ದಲ್ಲಿ ಇರಲು ಬಿಡುವುದು, ಹೊಸದನ್ನು ಹೊಸದಾಗಿಯೇ ಚೆನ್ನಾಗಿ ಮಾಡುವುದು: ಎರಡೂ ಕಡೆ ಸರಿಯಾದ ಬುದ್ಧಿ ಕೆಲಸ ಮಾಡಿದೆ.

ನಮಗೆ ಓಕ್ ಬೇಕಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ನೋಡಿ ಆಸೆಪಡುವವರಿಗೆ ಒಂದು ಮಾತು: ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿಯ ಮರ, ಮಳೆಗೆ ಒಡ್ಡಿ ನಿಲ್ಲಿಸಿದರೆ ಬಾಳುವುದಿಲ್ಲ. ಹಲಸು ಇದೆಯಲ್ಲ. ಬಲಿತ ಹಲಸಿನ ಚೇಗಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಕೊಯ್ದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣ. ತೇಗ ಇದೆ, ಮತ್ತಿ ಇದೆ, ಹೊನ್ನೆ ಇದೆ. ಮರ ಹಾಳಾಗುತ್ತದೆ, ಕಾಡು ಹೋಗುತ್ತದೆ ಎಂಬ ಭಯಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಆರಿಂಚು ಚೌಕದ, ಏಳಡಿ ಉದ್ದದ ಒಂದು ಕಂಬಕ್ಕೆ ಒಂದೂಮುಕ್ಕಾಲು ಸಿಎಫ್‌ಟಿ ಮರ ಸಾಕು. ನಾಲ್ಕು ಕಂಬಕ್ಕೆ 7 ಸಿಎಫ್‌ಟಿ. ಐದಡಿ ಸುತ್ತಳತೆಯ, ಹತ್ತಡಿ ಉದ್ದದ ಒಂದೇ ದಿಮ್ಮಿ ಮಿಲ್ಲಿನವರ ಲೆಕ್ಕದಲ್ಲಿ 15 ಸಿಎಫ್‌ಟಿ ಮೀರುತ್ತದೆ. ಕೊಯ್ತದಲ್ಲಿ ಹೋಗುವುದು, ಹೊರಗಿನ ಬಿಳಿ ಭಾಗ ತೆಗೆಯುವುದು ಎಲ್ಲ ಕಳೆದರೂ ಒಂದೆರಡು ಒಳ್ಳೆಯ ಮರದಲ್ಲಿ ಕಂಬ, ಬೋದಿಗೆ, ತೊಲೆ ಮೂರೂ ಆಗುತ್ತವೆ. ಪ್ರತಿ ಮಳೆಗಾಲ ಗಾಳಿಗೆ ಉರುಳುವ ಹಲಸಿನ ಮರಗಳಲ್ಲಿ ಎಷ್ಟೋ ಸೌದೆಯಾಗಿ ಹೋಗುತ್ತವೆ. ಇಲಾಖೆಯ ಅನುಮತಿ ಬೇಕಾದಲ್ಲಿ ಪಡೆದು ಅದನ್ನೇ ಕೊಯ್ಸಬಹುದು. ಕಡಿದ ಜಾಗದಲ್ಲಿ ಎರಡು ಸಸಿ ನೆಟ್ಟರೆ ಮೊಮ್ಮಗನ ಕಾಲಕ್ಕೆ ಮರ. ಮನೆಯೊಂದನ್ನು ಬಿಚ್ಚಿದ ಜಾಗದಲ್ಲಿ ಅಂಥದ್ದೇನೂ ಮತ್ತೆ ಬೆಳೆಯುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಕೆಲಸಗಾರರದು. ಹಳೆಯ ಕಂಬ ಕೊಂಡರೆ ಉಳಿಯುವುದು ಸತ್ತ ಬಡಗಿಯ ಕೆಲಸ. ಹೊಸದು ಮಾಡಿಸಿದರೆ ಬದುಕಿರುವ ಬಡಗಿಗೆ ಕೆಲಸ. ನಮ್ಮ ಊರುಗಳ ಆಚಾರಿಗಳು ಈಗ ಏನು ಮಾಡುತ್ತಿದ್ದಾರೆ? ಪ್ಲೈವುಡ್ ಕೊಯ್ದು ವಾರ್ಡ್‌ರೋಬ್ ಕೂರಿಸುತ್ತಿದ್ದಾರೆ. ತೊಲೆಗೆ ಬೋದಿಗೆ ಕೂರಿಸಿದ ತಂದೆಯ ಮಗ ಡ್ರಿಲ್ಲು ಹಿಡಿದು ಅಲ್ಯುಮಿನಿಯಂ ಕಿಟಕಿಗೆ ಸ್ಕ್ರೂ ಬಿಗಿಯುತ್ತಿದ್ದಾನೆ. ಕೈಯಲ್ಲಿ ಕಲೆ ಇಲ್ಲವೆಂದಲ್ಲ, ಕೇಳುವವರಿಲ್ಲ. ನಾನು ಮಾತಾಡಿಸಿದ ಒಬ್ಬ ಹಿರಿಯ ಆಚಾರಿ ದಿಮ್ಮಿಯ ಅಡ್ಡಕೊಯ್ತ ನೋಡಿಯೇ ತಿರುಳು ಎಲ್ಲಿದೆ, ಕಂಬದ ಮಧ್ಯಕ್ಕೆ ತಿರುಳು ಬಂದರೆ ಯಾವ ಕಡೆ ಸೀಳು ಬಿಡುತ್ತದೆ, ಯಾವ ಮುಖ ಮಳೆಯ ಕಡೆಗೆ ತಿರುಗಿಸಬೇಕು ಎಂದು ಬೆರಳಿಟ್ಟು ತೋರಿಸಿದರು. ದಿಮ್ಮಿಯನ್ನು ಕೆರೆಯ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸುವ ಕ್ರಮ ಅವರಿಗೆ ಬಾಯಿಪಾಠ. "ಮಾಡ್ಸೋರಿದ್ರೆ ಇವತ್ತೂ ಮಾಡ್ತೀನಿ. ಹಳೇದು ತಂದು ಪಾಲಿಶ್ ಹೊಡೀರಿ ಅಂತಾರೆ, ಅದು ನನ್ನ ಕೆಲ್ಸ ಅಲ್ಲ" ಎಂದರು. ಅವರ ಜೊತೆ ಕಲಿಯಲು ಹುಡುಗರಿಲ್ಲ. ಹತ್ತು ಮನೆಯವರು ಹೊಸ ಪೋರ್ಟಿಕೊ ಮಾಡಿಸಿದರೆ ಇಬ್ಬರು ಹುಡುಗರು ಬರುತ್ತಾರೆ. ಪರಂಪರೆ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ ಅದು ಆ ಇಬ್ಬರು ಹುಡುಗರಲ್ಲಿದೆ.

ಹೊಸ ಕಂಬ ಹಳೆಯದರಷ್ಟು ಚೆಂದ ಕಾಣುವುದಿಲ್ಲ ಎನ್ನುತ್ತಾರೆ. ಮೊದಲ ವರ್ಷ ಕಾಣುವುದಿಲ್ಲ, ಒಪ್ಪಿದೆ. ಆ ಹಳೆಯ ಕಂಬವೂ ಮೊದಲ ವರ್ಷ ಹಾಗೆ ಕಂಡಿರಲಿಲ್ಲ. ಅದಕ್ಕೆ ನಾಲ್ಕು ತಲೆಮಾರಿನ ಬೆನ್ನು, ಕೈ, ಎಣ್ಣೆ, ಹೊಗೆ ಬೇಕಾಯಿತು. ನಿಮ್ಮ ಮನೆಯವರೂ ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂರಲಿ. ಕೆಳಗೆ ಒಳ್ಳೆಯ ಕಲ್ಲು ಹಾಕಿಸಿ, ಸೂರನ್ನು ಎರಡೂವರೆ ಮೂರಡಿ ಮುಂದಕ್ಕೆ ತಗ್ಗಿಸಿ, ಸ್ಲ್ಯಾಬು ಬಿಟ್ಟು ಹೆಂಚು ಹೊದಿಸಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗ ಅದೂ ಹೊಸ ವಸ್ತುವೇ ಆಗಿತ್ತು. ನಮ್ಮ ಬಡಗಿಗಳು ಅದಕ್ಕೆ ತಕ್ಕಂತೆ ಪಕಾಸಿ, ರೀಪಿನ ಅಂತರ ಹೊಂದಿಸಿಕೊಂಡರು. ನಾವು ಈಗ ಹಳೆಯದು ಎಂದು ಹಂಬಲಿಸುವ ಮನೆಗಳಲ್ಲಿ ಎಷ್ಟೋ ಮನೆಗಳು ಹಾಗೆ ಹೊಸತನ್ನು ಧೈರ್ಯವಾಗಿ ಒಪ್ಪಿಕೊಂಡವರು ಕಟ್ಟಿದವು.

ಹಳೆಯ ಮನೆಯ ಮೇಲೆ ನಿಜವಾಗಿ ಪ್ರೀತಿಯಿರುವ ಹಣವಂತರು ಮಾಡಬಹುದಾದ ಕೆಲಸ ಬೇರೆಯಿದೆ. ನಿಮ್ಮದೇ ಊರಿನಲ್ಲಿ ನಿಮ್ಮ ಅಜ್ಜನ ಮನೆಯೋ ಚಿಕ್ಕಪ್ಪನ ಮನೆಯೋ ಹೆಂಚು ಜಾರಿ ನಿಂತಿರುತ್ತದೆ. ಪೋರ್ಟಿಕೊದ ಹಣದಲ್ಲಿ ಒಂದು ಪಾಲು ಅಲ್ಲಿಗೆ ಕಳಿಸಿ. ಬೇಸಗೆಯಲ್ಲಿ ಒಮ್ಮೆ ಹೆಂಚು ತಿರುವಿ ಹಾಕಿಸಿ, ಗೆದ್ದಲು ಹಿಡಿದ ರೀಪು ಬದಲಿಸಿ, ಅಂಗಳದ ನೀರು ಹೋಗುವ ಕಾಲುವೆ ಬಿಡಿಸಿ. ಮಾಡು ಗಟ್ಟಿಯಿದ್ದರೆ ಮಣ್ಣಿನ ಮನೆ ನಮಗಿಂತ ಹೆಚ್ಚು ಕಾಲ ಬಾಳುತ್ತದೆ. ಉಳಿಸಲು ಆಗುವುದೇ ಇಲ್ಲ ಎನ್ನುವಂತಿದ್ದರೆ ಬಿಚ್ಚುವ ಮೊದಲು ಅಳತೆ, ಫೋಟೊ, ನಕ್ಷೆ ಮಾಡಿಸಿ ಊರಿನ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇಡಿ. ಹೋಮ್‌ಸ್ಟೇ ನಡೆಸುವವರು ಬೇರೆಯವರ ಮನೆಯ ಕಂಬ ತರುವ ಬದಲು ನಿಂತಿರುವ ಹಳೆಯ ಮನೆಯನ್ನೇ ಮಾಲೀಕನಿಂದ ಬಾಡಿಗೆಗೆ ಪಡೆದು ರಿಪೇರಿ ಮಾಡಿ ನಡೆಸಲಿ. ಮಾಲೀಕನಿಗೆ ವರ್ಷ ವರ್ಷ ಆದಾಯ, ಮನೆಗೆ ವರ್ಷ ವರ್ಷ ಹೆಂಚು.

ಈ ಬೇಸಗೆಯಲ್ಲಿ ತೋಟದ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಹಳೆಯ ಕಂಬಕ್ಕೆ ಮುಂಗಡ ಕೊಟ್ಟಿದ್ದರೆ ಒಂದು ಫೋನು ಮಾಡಿ, ಆ ಕಂಬ ಈಗ ಗೋದಾಮಿನಲ್ಲಿ ಮಲಗಿದೆಯೋ ಇನ್ನೂ ಯಾವುದಾದರೂ ಊರಿನ ಜಗಲಿಯಲ್ಲಿ ನಿಂತಿದೆಯೋ ಕೇಳಿ. ನಿಂತಿದ್ದರೆ ಮುಂಗಡ ವಾಪಸು ಕೇಳಿ. ಕೊಡದಿದ್ದರೆ ಆ ಹಣ ಹೋಗಲಿ, ಕಂಬ ಬೇಡವೆನ್ನಿ, ನಿಮ್ಮೂರಿನ ಆಚಾರಿಯನ್ನು ಕರೆಸಿ.